ಪುಟ ಪರಿಚಿತ, ಪಾಠ ಅಪರಿಚಿತ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾಗಿ, ಶಿವಮೊಗ್ಗದ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದಾಳೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯ ಫೇಲಾದ ಮೇಲೆ ಅಪ್ಪ ಸಲಹೆ ಕೇಳಲು ನನ್ನ ಬಳಿ ಕರೆತಂದರು. "ರಾತ್ರಿ ಹನ್ನೊಂದರ ತನಕ ಓದ್ತಾಳಂತೆ. ತಲೇಲಿ ಯಾಕೆ ನಿಲ್ತಿಲ್ಲ ನೋಡಿ" ಎಂದರು.

ನಿದ್ದೆ, ಊಟ, ಜೊತೆಗಾರರು, ಮನೆಯ ಸ್ಥಿತಿ ಎಲ್ಲ ವಿಚಾರಿಸಿದೆ. ದೊಡ್ಡ ತೊಡಕೇನೂ ಕಾಣಲಿಲ್ಲ. ಜೀವಶಾಸ್ತ್ರದ ನೋಟ್ಸ್ ತೆಗೆಸಿದೆ. ಡಿಎನ್‌ಎ ನಕಲಾಗುವ ಪಾಠದಲ್ಲಿ ಒಂದು ಸಾಲೂ ಬಿಡದೆ ಹಳದಿ, ಗುಲಾಬಿ ಬಣ್ಣ. "ಇದು ಬರುತ್ತೆ, ತುಂಬಾ ಸಲ ಓದಿದೀನಿ" ಎಂದಳು. ಪುಸ್ತಕ ಮುಚ್ಚಿಸಿ ಖಾಲಿ ಹಾಳೆ ಕೊಟ್ಟೆ. 'ಒಕಾಝಾಕಿ ತುಣುಕು' (ನಕಲಾಗುವಾಗ ಒಂದು ಎಳೆ ತುಂಡುತುಂಡಾಗಿ ತಯಾರಾಗುತ್ತದೆ, ಆ ತುಂಡುಗಳ ಹೆಸರು) ಎಂದು ಬರೆದಳು. ಅದು ತುಣುಕಾಗಿಯೇ ಯಾಕೆ ತಯಾರಾಗಬೇಕು ಎಂದಾಗ ಪೆನ್ನು ನಿಂತಿತು. ಹೊಸ ಎಳೆ ಕಟ್ಟುವ ಕಿಣ್ವವಾದ ಪಾಲಿಮರೇಸ್ ಒಂದೇ ದಿಕ್ಕಿಗೆ ಎಳೆ ಕಟ್ಟಬಲ್ಲದು ಎಂಬುದೇ ಉತ್ತರ; ಆ ಸಾಲಿಗೆ ಅವಳೇ ಬಣ್ಣ ಹಚ್ಚಿದ್ದಳು. ಅತ್ತಳು.

ಅವಳ ಬುದ್ಧಿಯಲ್ಲಿ ಕೊರತೆಯಿಲ್ಲ. ಮತ್ತೆ ಮತ್ತೆ ಓದಿದಾಗ ಪುಟದ ಪರಿಚಯವಾಗುತ್ತದೆ, ಆ ಪರಿಚಯವನ್ನೇ ಮನಸ್ಸು ಕಲಿಕೆ ಎಂದು ನಂಬಿಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅಪ್ಪ, ಮಗಳು ಇಬ್ಬರಿಗೂ ವಿವರಿಸಿದೆ. ಒಂದು ಗುಂಪು ಒಂದೇ ಪಠ್ಯವನ್ನು ನಾಲ್ಕೂ ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರರಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರ ಕಳೆದಾಗ ಬರೆದವರಿಗೆ ಸುಮಾರು ಶೇ 61, ಬರೀ ಓದಿದವರಿಗೆ ಶೇ 40 ನೆನಪಿತ್ತು.

ನನ್ನ ಸಲಹೆ ಹೀಗಿತ್ತು. ಸಂಜೆ ಪುಸ್ತಕ ಮುಚ್ಚಿ, ಅಂದಿನ ಪಾಠವನ್ನು ನೆನಪಾದಷ್ಟು ಬರೆ. ಆಮೇಲೆ ತೆರೆದು, ಬಿಟ್ಟದ್ದನ್ನು ಮಾತ್ರ ಕೆಂಪು ಶಾಯಿಯಲ್ಲಿ ತುಂಬು. ಎರಡು ದಿನ ಬಿಟ್ಟು ಅದೇ ಪಾಠ ಮತ್ತೊಮ್ಮೆ, ವಾರದ ಮೇಲೆ ಇನ್ನೊಮ್ಮೆ. ನೆನಪಾಗದೆ ತಿಣುಕಾಡಿದರೆ ತಕ್ಷಣ ಪುಸ್ತಕ ತೆಗೆಯಬೇಡ, ಸ್ವಲ್ಪ ತಡೆ. ಭೌತಶಾಸ್ತ್ರದ ಲೆಕ್ಕಗಳನ್ನು ಅಧ್ಯಾಯವಾರು ಮಾಡದೆ ಕಲಸಿ ಮಾಡು. ಯಾವ ಸೂತ್ರ ಹಾಕಬೇಕೆಂದು ಗುರುತಿಸುವುದೂ ಪರೀಕ್ಷೆಯ ಭಾಗವೇ.

ಭಾಷೆಯದ್ದು ನನ್ನನ್ನು ಹೆಚ್ಚು ಕಾಡಿತು. ಇಂಗ್ಲಿಷ್ ವಾಕ್ಯಗಳನ್ನು ಅರ್ಥವಾಗದೆಯೇ ಬಾಯಿಪಾಠ ಮಾಡುತ್ತಿದ್ದಳು. ನಮ್ಮ ಕಡೆ ಕನ್ನಡ ಶಾಲೆಯಿಂದ ಪಿಯುಗೆ ಬರುವ ಎಷ್ಟೋ ಮಕ್ಕಳು ಹೀಗೆಯೇ ಕುಗ್ಗುತ್ತಾರೆ. ಹಾಗಾಗಿ, ರಜೆಗೆ ಊರಿಗೆ ಹೋದಾಗ ಅಮ್ಮನ ಜೊತೆ ಅಡಿಕೆ ಸುಲಿಯುತ್ತಾ ಪಾಠವನ್ನು ಕನ್ನಡದಲ್ಲಿ ಹೇಳು, ಅಮ್ಮ "ಅದ್ಯಾಕೆ?" ಅಂತ ಕೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆ ಎಂದೆ.

ಅವಳ ಒಪ್ಪಿಗೆ ಪಡೆದು ಉಪನ್ಯಾಸಕರ ಜೊತೆಗೂ ಮಾತಾಡಿದೆ. ತರಗತಿಯ ಮೊದಲ ಐದು ನಿಮಿಷ, ಅಂಕವಿಲ್ಲದೆ, ಹಿಂದಿನ ಪಾಠ ಎಲ್ಲರೂ ಬರೆಯಲಿ ಎಂದು ಕೇಳಿಕೊಂಡೆ. ಪೋರ್ಷನ್ ಮುಗಿಯಲ್ಲ ಎಂದರು. ವಾರಕ್ಕೊಮ್ಮೆಗೆ ಒಪ್ಪಿದರು.

ಮುಂದಿನ ಭೇಟಿಯಲ್ಲಿ "ಮೊದಲಿಗಿಂತ ಕಡಿಮೆ ಬರುತ್ತೆ ಅನ್ಸುತ್ತೆ" ಎಂದು ಹೆದರಿದ್ದಳು. ಈಗ ಕಾಣುತ್ತಿರುವ ಮರೆವು ಮೊದಲೂ ಇತ್ತು, ಬಣ್ಣದಡಿ ಮುಚ್ಚಿಹೋಗಿತ್ತು ಎಂದು ಅವಳ ಹಾಳೆಗಳನ್ನೇ ಮುಂದಿಟ್ಟು ತೋರಿಸಿದೆ. ಆಮೇಲಿನ ಜೀವಶಾಸ್ತ್ರ ಟೆಸ್ಟಿನಲ್ಲಿ ಪಾಸಾದಳು. ರಸಾಯನಶಾಸ್ತ್ರದಲ್ಲಿ, ವಿದ್ಯುತ್‌ಕೋಶದ ವೋಲ್ಟೇಜ್ ಕಂಡುಹಿಡಿಯುವ ನರ್ನ್‌ಸ್ಟ್ ಸಮೀಕರಣದ ಲೆಕ್ಕಗಳು ಇನ್ನೂ ಕೈಗೆ ಹತ್ತಿಲ್ಲ; ಲಾಗರಿದಮ್ ಕಡೆಯೇ ತೊಡಕಿದೆ ಎನ್ನಿಸುತ್ತದೆ, ಮುಂದಿನ ಭೇಟಿಗೆ ಆ ಪುಸ್ತಕ ತರಲು ಹೇಳಿದ್ದೇನೆ.