ಅತ್ತೆಯವರು ಸಮುದ್ರ ನೋಡಬೇಕಂತೆ, ಯಾವ ದ್ವೀಪಕ್ಕೆ ಹೋಗೋಣ?

ಪ್ರಶ್ನೆ: ನಮ್ಮದು ಕೂಡು ಕುಟುಂಬ. ಮಾವನವರಿಗೆ 74 ವರ್ಷ. ಮುಧೋಳದ ಹತ್ತಿರ ಕಬ್ಬಿನ ಹೊಲ ಇದೆ, ಈಗಲೂ ದಿನಾ ನೋಡಿ ಬರುತ್ತಾರೆ. ಅತ್ತೆಯವರಿಗೆ 69. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಇದೆ. ನಾವಿಬ್ಬರು, ಮೈದುನ, ನೆಗೆಣ್ಣಿ, ಪುಣೆಯ ನಾದಿನಿ ಮತ್ತು ಅವಳ ಗಂಡ, ಮೂರು ಮಕ್ಕಳು (13, 9 ಮತ್ತು 3 ವರ್ಷ). ಒಟ್ಟು ಹನ್ನೊಂದು ಮಂದಿ, ಎಲ್ಲರೂ ಸಸ್ಯಾಹಾರಿಗಳು. ಅತ್ತೆ ಇದುವರೆಗೆ ಸಮುದ್ರವನ್ನೇ ನೋಡಿಲ್ಲ. ಮೇ ರಜೆಯಲ್ಲಿ ಹೊರದೇಶದ ದ್ವೀಪಕ್ಕೆ ಹೋಗುವ ಆಸೆ. ನಾದಿನಿ ಮಾಲ್ಡೀವ್ಸ್ ಅಂತಾಳೆ, ಮೈದುನ ಫುಕೆಟ್ ಅಂತಾನೆ, ನಮ್ಮ ಮನೆಯವರು ಬಾಲಿ ಅಂತಾರೆ. ಮಾವನವರು ‘ಉಪ್ಪನೀರ ನೋಡಾಕ ಅಷ್ಟ ರೊಕ್ಕಾ ಯಾಕ?’ ಅಂತಾರೆ. ಅಡುಗೆಮನೆ ಇರುವ ಬಂಗಲೆ ಬಾಡಿಗೆ ಹಿಡಿದರೆ ಖರ್ಚು ಉಳಿಯುತ್ತದೆಯೇ?
– ಹಿರಿಯ ಸೊಸೆ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾ, ನೀವು ಮೇ ಅಂದಿರಿ. ಅರ್ಧ ಉತ್ತರ ಅಲ್ಲೇ ಇದೆ. ದ್ವೀಪಕ್ಕೆ ಹೋಗುವವರು ಮೊದಲು ತಿಂಗಳು ನೋಡಬೇಕು, ಫೋಟೊ ಆಮೇಲೆ.

ಮೇ ತಿಂಗಳಲ್ಲಿ ಫುಕೆಟ್‌ಗೆ ಮಳೆಗಾಲ ಬರುತ್ತದೆ. ಅದು ಅಕ್ಟೋಬರ್‌ವರೆಗೂ ಇರುತ್ತದೆ. ಪಡುವಣ ದಂಡೆಯಲ್ಲಿ ಅಲೆ ಜೋರು. ಕೆಂಪು ಬಾವುಟ ಹಾರಿಸಿದ ದಿನ ನೀರಿಗೆ ಇಳಿಯಲೇಬಾರದು. ಮಾಲ್ಡೀವ್ಸ್‌ಗೂ ನೈರುತ್ಯ ಮಳೆಗಾಳಿ ಬರುವುದು ಆಗಲೇ. ಬಾಲಿಯಲ್ಲಿ ಮಾತ್ರ ಉಲ್ಟಾ. ಅಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೇ ತಿಂಗಳು ಒಣ. ನೀವು ಹೆಸರಿಸದ ಇನ್ನೊಂದು ದ್ವೀಪವನ್ನೂ ನಾನು ಸೇರಿಸುತ್ತೇನೆ, ಮಾರಿಷಸ್. ಅಲ್ಲಿ ಚಂಡಮಾರುತದ ಕಾಲ ಮೇ ನಡುವಿನ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಹಿತವಾದ ತಂಪು. ಬಾಗಲಕೋಟೆಯ ಮೇ ಬಿಸಿಲಿನಿಂದ ಹೋದವರಿಗೆ ಅದೇ ದೊಡ್ಡ ಸುಖ.

ಮಾಲ್ಡೀವ್ಸ್ ಬಗ್ಗೆ ಇನ್ನೂ ಎರಡು ಮಾತು. ಅಲ್ಲಿ ಒಂದೊಂದು ರೆಸಾರ್ಟ್ ಒಂದೊಂದು ದ್ವೀಪ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಸ್ಪೀಡ್ ಬೋಟ್ ಇಲ್ಲವೇ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಹೋಗಬೇಕು. ಅದರ ಹಣ ತಲೆಗೆ ಇಷ್ಟು ಅಂತ. ಇಬ್ಬರಿಗೆ ಗೊತ್ತಾಗುವುದಿಲ್ಲ, ಹನ್ನೊಂದು ಮಂದಿಗೆ ಗೊತ್ತಾಗುತ್ತದೆ. ಮೊಣಕಾಲು ನೋವಿನವರಿಗೆ ಅಲುಗಾಡುವ ದೋಣಿ ಹತ್ತಿ ಇಳಿಯುವುದೂ ಕಷ್ಟ. ಇನ್ನೊಂದು, ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ನಿಮ್ಮ ಮನೆಯಲ್ಲಿ ದಿನಾ ಲಿಂಗಪೂಜೆ ಮಾಡುವ ಹಿರಿಯರಿದ್ದರೆ ಆ ಚಿಂತೆ ಹೊತ್ತುಕೊಂಡು ಹೋಗುವುದು ಬೇಡ ಅನ್ನುತ್ತೇನೆ. ನಾದಿನಿ ಮತ್ತು ಅವರ ಗಂಡ ಇಬ್ಬರೇ ಮುಂದೆ ಎಂದಾದರೂ ಚಳಿಗಾಲದಲ್ಲಿ ಹೋಗಿ ಬರಲಿ.

ಉಳಿದದ್ದು ಬಾಲಿ ಮತ್ತು ಮಾರಿಷಸ್. ನಿಮ್ಮ ಕುಟುಂಬಕ್ಕೆ ನಾನು ಮಾರಿಷಸ್ ಅನ್ನುತ್ತೇನೆ.

ಮೊದಲ ಕಾರಣ ನೀರು. ಮಾರಿಷಸ್ ದ್ವೀಪದ ಬಹುಪಾಲು ಸುತ್ತ ಹವಳದ ದಿಬ್ಬ ಗೋಡೆಯ ಹಾಗೆ ನಿಂತಿದೆ. ದೊಡ್ಡ ಅಲೆಗಳು ದೂರದಲ್ಲೇ ಅದಕ್ಕೆ ಬಡಿದು ಒಡೆಯುತ್ತವೆ. ದಂಡೆಯ ಕಡೆ ನೀರು ಶಾಂತ, ಆಳ ಕಮ್ಮಿ. ಮೂರು ವರ್ಷದ ಮಗು ದಡದಲ್ಲಿ ಕೂತು ಕಾಲಾಡಿಸಬಹುದು. ಅತ್ತೆಯವರು ಕೈ ಹಿಡಿದುಕೊಂಡು ಮೊಣಕಾಲಿನ ತನಕ ಇಳಿಯಬಹುದು. ಉತ್ತರದ ತ್ರೂ ಓ ಬಿಶ್ ಅಥವಾ ಗ್ರಾಂಡ್ ಬೇ ಕಡೆ ಹೋಟೆಲ್ ಹಿಡಿಯಿರಿ. ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ಮಾತ್ರ ಈ ಗೋಡೆ ಇಲ್ಲ. ಅಲ್ಲಿ ಅಲೆ ನೋಡಬೇಕು, ಇಳಿಯಬಾರದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಬೆಳಗಾವಿಯಲ್ಲಿ ಪ್ರವಾಸ ಹೊಂದಿಸಿಕೊಡುವ ಕೆಲಸ ಶುರು ಮಾಡಿದ ಹೊಸದರಲ್ಲಿ ಹದಿನಾಲ್ಕು ಮಂದಿಯ ಒಂದು ಕುಟುಂಬವನ್ನು ಬಾಲಿಯ ಪಡುವಣ ದಂಡೆಗೆ ಕಳಿಸಿದೆ. ಹೋಟೆಲಿನ ಫೋಟೊ ಅಷ್ಟು ಚಂದ ಇತ್ತು. ಆ ದಂಡೆಯ ಅಲೆ ಎಂಥದ್ದು ಅಂತ ನಾನು ವಿಚಾರಿಸಿರಲಿಲ್ಲ. ನಾಲ್ಕು ದಿನವೂ ಮಕ್ಕಳು ಈಜುಕೊಳದಲ್ಲೇ ಕಳೆದರು, ಅಜ್ಜಿ ಕೋಣೆಯಲ್ಲೇ ಕೂತರು. ಅದೇ ಬಾಲಿಯ ಸಾನೂರ್ ಅಥವಾ ನುಸಾ ದುವಾ ಕಡೆ ಹಾಕಿದ್ದರೆ ನೀರು ಶಾಂತವಾಗಿರುತ್ತಿತ್ತು. ಆ ಅಜ್ಜಿಯ ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ. ಅಂದಿನಿಂದ ಮನೆಯ ಅತಿ ಹಿರಿಯರು, ಅತಿ ಕಿರಿಯರು ಇಬ್ಬರೂ ಇಳಿಯಬಹುದಾದ ನೀರು ಯಾವುದು ಅಂತ ನೋಡಿಯೇ ಊರು ಆರಿಸುತ್ತೇನೆ.

ಎರಡನೆಯದು ಊಟ. ಮಾರಿಷಸ್‌ನಲ್ಲಿ ಹೆಚ್ಚಿನವರು ಭಾರತ ಮೂಲದವರೇ. 1834ರಿಂದ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಮೇಲೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಬೀದಿಯಲ್ಲಿ ಧೋಲ್ ಪೂರಿ ಅಂತ ಸಿಗುತ್ತದೆ. ಬೇಳೆ ಬೇಯಿಸಿ ಪುಡಿ ಮಾಡಿ ಹಿಟ್ಟಿನೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸುತ್ತಾರೆ. ಬೆಲ್ಲ ಹಾಕದ ಹೋಳಿಗೆ ಅಂದುಕೊಳ್ಳಿ. ಜೊತೆಗೆ ಅವರೆಯಂಥ ಕಾಳಿನ ಪಲ್ಯ, ಚಟ್ನಿ. ಅತ್ತೆಯವರಿಗೆ ಖಂಡಿತ ಹಿಡಿಸುತ್ತದೆ.

ಮೂರನೆಯದು ನಿಮ್ಮ ಮಾವನವರು. ಅವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಪ್ಪುನೀರು ನೋಡಿ ಅವರಿಗೆ ಒಂದೇ ದಿನದಲ್ಲಿ ಬೇಸರ ಆಗಬಹುದು. ಆದರೆ ಆ ದ್ವೀಪದ ತುಂಬ ಕಬ್ಬಿದೆ. ರಸ್ತೆಯ ಎರಡೂ ಕಡೆ ಕಬ್ಬು. ನೆಲದ ಕಪ್ಪು ಕಲ್ಲುಗಳನ್ನು ಆರಿಸಿ ಹೊಲದ ನಡುವೆ ಗುಡ್ಡೆ ಹಾಕಿದ್ದಾರೆ. ಆ ಗುಡ್ಡೆಗಳ ಹಿಂದೆ ನಮ್ಮವರ ಬೆನ್ನುಮೂಳೆ ಸವೆದಿದೆ. ಪಾಂಪ್ಲೆಮೂಸ್ ಎಂಬ ಊರಲ್ಲಿ ಹಳೇ ಸಕ್ಕರೆ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಕಬ್ಬು ಬೆಳೆದವರಿಗೆ ಅಲ್ಲಿ ಅರ್ಧ ದಿನ ಹೋದದ್ದೇ ತಿಳಿಯುವುದಿಲ್ಲ. ರಾಜಧಾನಿ ಪೋರ್ಟ್ ಲೂಯಿಯಲ್ಲಿ ಆ ಕೂಲಿಗಳು ಹಡಗಿನಿಂದ ಇಳಿದ ಅಪ್ರವಾಸಿ ಘಾಟ್ ಇದೆ. ಯುನೆಸ್ಕೊ 2006ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಕಲ್ಲಿನ ಮೆಟ್ಟಿಲುಗಳನ್ನು ಮೊಮ್ಮಕ್ಕಳಿಗೆ ಅಜ್ಜನೇ ತೋರಿಸಲಿ. ಗಂಗಾ ತಲಾವ್ ಎಂಬ ಕೆರೆಯ ದಂಡೆಯಲ್ಲಿ 108 ಅಡಿಯ ಶಿವನ ಮೂರ್ತಿ ಇದೆ. ಅದು ಎತ್ತರದ ಜಾಗ, ಗಾಳಿ ತಂಪು. ಅತ್ತೆಗೆ ಒಂದು ಶಾಲು ಇಟ್ಟುಕೊಳ್ಳಿ.

ಈಗ ಅಡುಗೆಮನೆಯ ಮಾತು. ಖರ್ಚು ಉಳಿಯುತ್ತದೆ, ನಿಜ. ಆದರೆ ಯಾರ ಬೆವರಿನಿಂದ? ಬೆಳಗ್ಗೆ ಹನ್ನೊಂದು ಮಂದಿಗೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ ಪಲ್ಯ, ನಡುವೆ ಮೂರು ಸಲ ಚಹಾ, ರಾತ್ರಿ ಅನ್ನ ಸಾರು. ಮಾಡುವವರು ನೀವು ಮತ್ತು ನಿಮ್ಮ ನೆಗೆಣ್ಣಿ. ಹೀಗೆ ಬಂಗಲೆ ಹಿಡಿದು ಹೋಗಿ ಬಂದ ಒಬ್ಬ ಸೊಸೆಯನ್ನು ಪ್ರವಾಸ ಹೇಗಿತ್ತು ಅಂತ ಕೇಳಿದೆ. ‘ಅಡಿಗಿಮನಿ ಕಿಡಕಿಯಿಂದ ಸಮುದ್ರ ಭಾಳ ಚಲೋ ಕಾಣತಿತ್ರೀ’ ಅಂದರು. ದಯವಿಟ್ಟು ಹಾಗೆ ಮಾಡಿಕೊಳ್ಳಬೇಡಿ. ವರ್ಷವಿಡೀ ಒಲೆ ಮುಂದೆ ನಿಂತವರಿಗೂ ರಜೆ ಬೇಕು. ಬೆಳಗಿನ ತಿಂಡಿ, ರಾತ್ರಿ ಊಟ ಸೇರಿದ ಹೋಟೆಲ್ ಹಿಡಿಯಿರಿ. ಮಧ್ಯಾಹ್ನ ಹೊರಗೆ ಹಗುರವಾಗಿ ತಿಂದರಾಯಿತು. ಬಂಗಲೆಯೇ ಬೇಕು ಅಂದರೆ ಅಡುಗೆಯವರನ್ನೂ ಸೇರಿಸಿ ಕೊಡುವಂಥದ್ದು ನೋಡಿ. ಕೋಣೆಗಳು ಅಕ್ಕಪಕ್ಕ ಇರಲಿ, ಹಿರಿಯರಿಗೆ ನೆಲಮಹಡಿ ಅಂತ ಬುಕ್ ಮಾಡುವಾಗಲೇ ಬರೆದು ಕೇಳಿ.

ಎಲ್ಲರೂ ಎಲ್ಲ ಕಡೆ ಒಟ್ಟಿಗೆ ಹೋಗಲೇಬೇಕು ಅಂತ ಹಟ ಬೇಡ. ಒಂದು ದಿನ ಮೈದುನ, ನಾದಿನಿಯ ಗಂಡ, ದೊಡ್ಡ ಹುಡುಗ ದೋಣಿಯಲ್ಲಿ ಹೋಗಲಿ. ಒಂದು ದಿನ ಗಂಡಸರು ಮಕ್ಕಳನ್ನು ನೋಡಿಕೊಳ್ಳಲಿ, ನೀವು ಹೆಣ್ಣುಮಕ್ಕಳು ನಾಲ್ವರೂ ಪೇಟೆ ಸುತ್ತಿ ಬನ್ನಿ. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಒಂದೇ ಟೇಬಲ್. ಮೇ ತಿಂಗಳಲ್ಲಿ ಅಲ್ಲಿ ಸಂಜೆ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಹೊರಡಬೇಕು.

ಹಣದ ವಿಷಯ ಮೊದಲೇ ಬಾಯಿ ಬಿಟ್ಟು ಮಾತಾಡಿ. ಜಾತ್ರೆಗೆ ಪಟ್ಟಿ ಕೂಡಿಸುವ ಹಾಗೆ ಎಲ್ಲ ಮನೆಗಳಿಂದ ಒಂದಿಷ್ಟು ಹಣ ಕೂಡಿಸಿ ಒಬ್ಬರ ಕೈಯಲ್ಲಿ ಕೊಡಿ. ಗಾಡಿ, ಊಟ, ಟಿಕೆಟ್ ಅದರಲ್ಲಿ. ಶಾಪಿಂಗ್ ಅವರವರದು. ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಅದು ಯಾರ ಪ್ಯಾನ್ ಮೇಲಿದೆಯೋ ಅವರ ಆದಾಯ ತೆರಿಗೆ ಲೆಕ್ಕಕ್ಕೆ ಜಮೆ ಆಗುತ್ತದೆ. ಆದ್ದರಿಂದ ರಿಟರ್ನ್ ಹಾಕುವವರ ಹೆಸರಲ್ಲೇ ಬಿಲ್ ಮಾಡಿಸಿ. ಬರೀ ಹೊಲದ ಆದಾಯ ಇರುವ ಮಾವನವರ ಹೆಸರಲ್ಲಿ ಬೇಡ.

ಮುಂಬೈನಿಂದ ಮಾರಿಷಸ್‌ಗೆ ನೇರ ವಿಮಾನದಲ್ಲಿ ಸುಮಾರು ಆರು ತಾಸು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ, ಹಾಗಾಗಿ ಹಿರಿಯರ ನಿದ್ದೆ ಕೆಡುವುದಿಲ್ಲ. ಭಾರತೀಯರಿಗೆ ಪ್ರವಾಸಿ ವೀಸಾಕ್ಕೆ ಹಣ ಕಟ್ಟಬೇಕಿಲ್ಲ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಕಾಗದ ಕೈಯಲ್ಲಿರಬೇಕು. ಬೆಳಗಾವಿಯ ಸಾಂಬ್ರಾದಿಂದ ಮುಂಬೈಗೆ ವಿಮಾನದಲ್ಲಿ ಹೋಗುವುದಾದರೆ ಅದೇ ದಿನದ ವಿದೇಶಿ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಎರಡೂ ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾದಾಗ ಎರಡನೆಯವರು ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಮುಂಬೈನಲ್ಲಿ ಉಳಿಯಿರಿ. ಅತ್ತೆಯವರಿಗೆ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿ. ನಾಚಿಕೆ ಪಡುವ ವಿಷಯವೇ ಅಲ್ಲ ಅದು. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ. ಮಾರಿಷಸ್‌ನಲ್ಲಿ ಔಷಧದ ನಿಯಮ ಬಿಗಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಮೊದಲೇ ಅನುಮತಿ ಕೇಳಬೇಕಾಗಬಹುದು. ಡಾಕ್ಟರ ಚೀಟಿ ಎಲ್ಲದಕ್ಕೂ ಇರಲಿ. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ನಿಮ್ಮ ಮೇಲೆಯೇ ಬೀಳುತ್ತದೆ.

ನೀರಿನ ಬಗ್ಗೆ ಇನ್ನೊಂದು ಮಾತು. ಇದನ್ನು ಎಲ್ಲರಿಗೂ ಓದಿ ಹೇಳಿ. ನಮ್ಮ ಕಡೆಯ ಗಂಡಸರು ಬಾವಿಯಲ್ಲಿ, ಘಟಪ್ರಭಾ ಹೊಳೆಯಲ್ಲಿ ಈಜು ಕಲಿತವರು. ಅದರ ಧೈರ್ಯದಲ್ಲೇ ಸಮುದ್ರಕ್ಕೂ ಹಾರುತ್ತಾರೆ. ಬಾವಿಯ ನೀರು ನಿಂತ ನೀರು. ಸಮುದ್ರದಲ್ಲಿ ದಂಡೆಯಿಂದ ಒಳಗೆ ಎಳೆದೊಯ್ಯುವ ಸೆಳೆತ ಇರುತ್ತದೆ. ಅದಕ್ಕೆ ಸಿಕ್ಕರೆ ದಂಡೆಯ ಕಡೆ ಎದುರು ಈಜಬೇಡಿ, ತೋಳು ಸೋಲುತ್ತದೆ. ಗಾಬರಿಯಾಗದೆ ತೇಲಿ, ಕೈ ಎತ್ತಿ ಕರೆಯಿರಿ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಸೀರೆ ಉಟ್ಟು ಆಳಕ್ಕೆ ಇಳಿಯಬೇಡಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲಲೂ ಆಗುವುದಿಲ್ಲ. ಇಳಕಲ್ ಸೀರೆ ಸಂಜೆಯ ಊಟಕ್ಕಿರಲಿ, ನೀರಿಗೆ ಚೂಡಿದಾರ ಸಾಕು. ಹವಳದ ನಡುವೆ ಮುಳ್ಳಿನ, ವಿಷದ ಜೀವಿಗಳು ಇರುತ್ತವೆ. ಎಲ್ಲರಿಗೂ ನೀರಲ್ಲಿ ಹಾಕುವ ರಬ್ಬರ್ ಬೂಟು ಕೊಳ್ಳಿ.

ಇನ್ನೂ ಸಮಯ ಇದೆ, ಅಲ್ವಾ? ಮೊದಲು ಒಂದು ಶನಿವಾರ ಅತ್ತೆಯವರನ್ನು ಕಾರವಾರಕ್ಕೆ ಕರೆದೊಯ್ಯಿರಿ. ಮರಳಲ್ಲಿ ಎಷ್ಟು ದೂರ ನಡೆಯುತ್ತಾರೆ, ನೀರು ಕಂಡು ಹೆದರುತ್ತಾರಾ, ಖುಷಿ ಪಡುತ್ತಾರಾ ನೋಡಿ. ಆಮೇಲೆ ಟಿಕೆಟ್ ಮಾಡಿ.

ಪ್ರಶ್ನೆ: ಎಂಟು ಮಂದಿ ಸಿಂಗಪುರದ ಮೂಲಕ ಬಾಲಿಗೆ ಹೊರಟಿದ್ದೇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಒಯ್ಯಬಹುದೇ? ಅಪ್ಪ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತಾರೆ. ತಪಾಸಣೆಯಲ್ಲಿ ತೊಂದರೆ ಆಗುತ್ತದೆಯೇ?
– ಓದುಗರು, ವಿಜಯಪುರ

ಉತ್ತರ: ರೊಟ್ಟಿ, ಚಟ್ನಿ ಪುಡಿ ಗಟ್ಟಿಯಾಗಿ ಪ್ಯಾಕ್ ಮಾಡಿಸಿ ದೊಡ್ಡ ಬ್ಯಾಗಿನಲ್ಲಿ ಹಾಕಿ. ಕಸ್ಟಮ್ಸ್ ಫಾರ್ಮಿನಲ್ಲಿ ತಿನಿಸು ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಬರೆಯಿರಿ. ಕರದಂಟು ಕೊಳ್ಳುವಾಗ ಮಾತ್ರ ಗಸಗಸೆ ಹಾಕಿದ್ದಾರಾ ಅಂತ ಕೇಳಿ. ಸಿಂಗಪುರದಲ್ಲಿ, ದುಬೈಯಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ಹಿಡಿಯುತ್ತಾರೆ. ಸುಮ್ನೆ ವಿಮಾನ ಬದಲಿಸುವವರಿಗೂ ಈ ಎಚ್ಚರ ಬೇಕು. ಅಡಿಕೆ ಚೀಲದಲ್ಲಿ ತಂಬಾಕು ಇದ್ದರೆ ಮನೆಯಲ್ಲೇ ಬಿಡಿ. ಸಿಂಗಪುರದಲ್ಲಿ ಅಗಿಯುವ ತಂಬಾಕಿಗೆ ನಿಷೇಧ ಇದೆ. ಪೂಜೆಗೆ ಅಂತ ಒಣ ಕೊಬ್ಬರಿ ಬಟ್ಟಲು ಇಡಬೇಡಿ. ಎಣ್ಣೆಯಂಶದಿಂದ ಅದು ಬೆಂಕಿ ಹಿಡಿಯುವ ಸರಕು ಅಂತ ವಿಮಾನದಲ್ಲಿ ಬಿಡುವುದಿಲ್ಲ.

ಲಿಂಗ ಇಡುವ ಕರಡಿಗೆ ಬೆಳ್ಳಿಯದಾಗಿದ್ದರೆ ತಪಾಸಣೆ ಯಂತ್ರ ಸದ್ದು ಮಾಡುತ್ತದೆ. ‘ಇದು ದೇವರು, ಕೊರಳಲ್ಲೇ ಇರುತ್ತದೆ’ ಅಂತ ಮೊದಲೇ ಶಾಂತವಾಗಿ ಹೇಳಿ, ಬೇರೆ ಕಡೆ ನಿಲ್ಲಿಸಿ ನೋಡಿ ಅಂತ ಕೇಳಿಕೊಳ್ಳಿ. ಭಾಷೆ ಬರುವ ಮಗನೋ ಮಗಳೋ ಅಪ್ಪನ ಹಿಂದೆಯೇ ಸಾಲಿನಲ್ಲಿರಬೇಕು. ಒಬ್ಬರನ್ನೇ ಮುಂದೆ ಕಳಿಸಬೇಡಿ.

ಪ್ರಶ್ನೆ: ಮದುವೆಯಲ್ಲಿ ನನ್ನ ಹೆಸರು ಬದಲಾಯಿಸಿದರು. ಆಧಾರ್‌ನಲ್ಲಿ ಗಂಡನ ಮನೆಯ ಹೆಸರಿದೆ, ಮಾರ್ಕ್ಸ್ ಕಾರ್ಡಿನಲ್ಲಿ ತವರಿನದು. ಪಾಸ್‌ಪೋರ್ಟ್ ಹೇಗೆ? ಅಕ್ಕನ ಮಗನನ್ನೂ ಕರೆದೊಯ್ಯುತ್ತಿದ್ದೇವೆ. ಅಕ್ಕ ಬರುತ್ತಿಲ್ಲ.
– ಓದುಗರು, ಬೆಳಗಾವಿ

ಉತ್ತರ: ಒಂದು ಹೆಸರು ಗಟ್ಟಿ ಮಾಡಿಕೊಳ್ಳಿ. ಆಧಾರ್, ಪ್ಯಾನ್ ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆದ ಮೇಲೆ ಪಾಸ್‌ಪೋರ್ಟ್ ಅರ್ಜಿ ಹಾಕಿ. ಹಳೆಯ ಹೆಸರನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಅದಕ್ಕೆಂದೇ ಜಾಗ ಇದೆ. ಮದುವೆ ನೋಂದಣಿ ಪತ್ರ ಜೊತೆಗಿರಲಿ. ಬೆಳಗಾವಿಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇದೆ, ಹುಬ್ಬಳ್ಳಿಗೆ ಓಡಬೇಕಿಲ್ಲ. ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಬೇಕು, ಮನೆಯಲ್ಲಿ ಕರೆಯುವ ಹೆಸರಲ್ಲ.

ಮಗುವಿನ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಚಿಗವ್ವ ಅಂದರೆ ನಮ್ಮಲ್ಲಿ ತಾಯಿಯೇ, ಆದರೆ ವಲಸೆ ಕೌಂಟರಿನಲ್ಲಿ ಕಾಗದ ಕೇಳಬಹುದು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ವಾಪಸ್ ಬರುವ ದಿನದಿಂದ ಇನ್ನೂ ಆರು ತಿಂಗಳು ಉಳಿದಿದೆಯಾ ಅಂತ ಇವತ್ತೇ ತೆಗೆದು ನೋಡಿ.