ಮೊಲ, ಹ್ಯಾಮ್‌ಸ್ಟರ್, ಗಿನಿಪಿಗ್: ಪುಟ್ಟ ಮಗುವಿರುವ ಮನೆಗೆ ಯಾವುದು ಸೂಕ್ತ?

ಪ್ರಶ್ನೆ: ನಮ್ಮ ಮಗಳಿಗೆ ಎಂಟು ವರ್ಷ. ಸಾಕುಪ್ರಾಣಿ ಬೇಕೆಂದು ಬಹಳ ದಿನಗಳಿಂದ ಹಟ ಹಿಡಿದಿದ್ದಾಳೆ. ನಾನೂ ನನ್ನ ಪತಿಯೂ ಸಂಜೆಯವರೆಗೆ ಕೆಲಸದಲ್ಲಿರುವುದರಿಂದ ನಾಯಿ ಸಾಕುವುದು ಕಷ್ಟ. ಮಗಳಿಗೆ ಎತ್ತಿ ಮುದ್ದಾಡಲು ಮೊಲ ಬೇಕು. ಜಾಗವೂ ಕೆಲಸವೂ ಕಡಿಮೆ ಎಂದು ಪತಿ ಹ್ಯಾಮ್‌ಸ್ಟರ್ ತರೋಣ ಎನ್ನುತ್ತಾರೆ. ಗಿನಿಪಿಗ್ ಒಳ್ಳೆಯದೆಂದು ಗೆಳತಿಯೊಬ್ಬರ ಅಭಿಪ್ರಾಯ. ಯಾವುದನ್ನು ಆರಿಸಬೇಕು? ಒಂದನ್ನೇ ಸಾಕಿದರೆ ಸಾಲದೇ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ನಿಮ್ಮ ಮನೆಗೆ ಗಿನಿಪಿಗ್ ಹೊಂದುತ್ತದೆ, ಆದರೆ ಒಂದು ಸಾಲದು, ಎರಡು ಹೆಣ್ಣು ಗಿನಿಪಿಗ್‌ಗಳನ್ನು ಒಟ್ಟಿಗೆ ತನ್ನಿ. ಸಣ್ಣ ಪ್ರಾಣಿಯನ್ನು ಆರಿಸುವಾಗ ಹೆಚ್ಚಿನವರು ಅದರ ಗಾತ್ರವನ್ನೂ ಚೆಲುವನ್ನೂ ನೋಡುತ್ತಾರೆ. ಅದು ದಿನದ ಯಾವ ಹೊತ್ತಿನಲ್ಲಿ ಎಚ್ಚರವಾಗಿರುತ್ತದೆ, ಒಂಟಿಯಾಗಿ ಬಾಳಬಲ್ಲದೇ, ಮನುಷ್ಯರು ಎತ್ತಿಕೊಂಡರೆ ಸಹಿಸುತ್ತದೆಯೇ ಎಂಬುದನ್ನು ಮೊದಲು ಕೇಳಿಕೊಂಡರೆ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಹ್ಯಾಮ್‌ಸ್ಟರ್ ನಿಶಾಚರಿ. ನಿಮ್ಮ ಮಗಳು ಶಾಲೆಯಿಂದ ಬಂದು ಆಸೆಯಿಂದ ಪಂಜರದ ಬಳಿ ಕೂರುವ ಹೊತ್ತಿಗೆ ಅದು ಗಾಢನಿದ್ದೆಯಲ್ಲಿರುತ್ತದೆ. ಅವಳು ಎಬ್ಬಿಸುತ್ತಾಳೆ, ಬೆಚ್ಚಿಬಿದ್ದ ಅದು ಕಚ್ಚುತ್ತದೆ, ಮಗು ಹೆದರುತ್ತದೆ. ಇದರಲ್ಲಿ ಇಬ್ಬರದೂ ತಪ್ಪಿಲ್ಲ. ಹೆಚ್ಚಾಗಿ ಸಾಕುವ ಸಿರಿಯನ್ ಹ್ಯಾಮ್‌ಸ್ಟರ್ ಒಂಟಿಜೀವಿಯಾದ್ದರಿಂದ ಜೊತೆಗಾರರ ಪ್ರಶ್ನೆಯೇ ಬರುವುದಿಲ್ಲ, ಬೆಳೆದ ಎರಡನ್ನು ಒಟ್ಟಿಗೆ ಬಿಟ್ಟರೆ ಸಾಯುವವರೆಗೆ ಕಾದಾಡಬಹುದು. ಜಾಗ ಕಡಿಮೆ ಸಾಕೆಂಬ ನಿಮ್ಮ ಪತಿಯ ಎಣಿಕೆಯೂ ಸರಿಯಲ್ಲ, ಏಕೆಂದರೆ ಬಿಲ ತೋಡಿ ಬದುಕುವ ಈ ಪ್ರಾಣಿಗೆ ಆಳವಾದ ಹಾಸು, ಬೆನ್ನು ಬಾಗದಂತೆ ಓಡಬಲ್ಲ ದೊಡ್ಡ ಚಕ್ರ ಮತ್ತು ವಿಶಾಲವಾದ ನೆಲ ಬೇಕು. ಅದರ ಆಯುಸ್ಸು ಎರಡರಿಂದ ಮೂರು ವರ್ಷ ಮಾತ್ರ. ರಾತ್ರಿ ಎಚ್ಚರವಿದ್ದು ಮುಟ್ಟದೆ ನೋಡಿ ಸಂತೋಷಪಡುವ ವಯಸ್ಕರಿಗೆ ಅದು ಒಳ್ಳೆಯ ಸಂಗಾತಿ.

ಮೊಲದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಪ್ಪಿ ಮುದ್ದಾಡಲೆಂದು ಎಂಟು ವರ್ಷದ ಮಗುವಿಗೆ ಮೊಲ ಕೊಡಬೇಡಿ. ಬೇಟೆಗೆ ಒಳಗಾಗುವ ಪ್ರಾಣಿಯಾದ ಮೊಲಕ್ಕೆ ನೆಲದಿಂದ ಮೇಲೆತ್ತಲ್ಪಡುವುದೆಂದರೆ ಶತ್ರುವಿನ ಕೈಗೆ ಸಿಕ್ಕಿದಂತೆ. ಅದು ಹಿಂಗಾಲುಗಳಿಂದ ಬಲವಾಗಿ ಒದೆಯುತ್ತದೆ. ಅದರ ಸ್ನಾಯುಗಳು ಎಷ್ಟು ಬಲಿಷ್ಠವೋ ಮೂಳೆಗಳು ಅಷ್ಟೇ ಹಗುರ, ಹಾಗಾಗಿ ಹಿಂಭಾಗಕ್ಕೆ ಆಸರೆಯಿಲ್ಲದೆ ಹಿಡಿದಾಗ ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಮೊಲದ ಕರುಳು ಸದಾ ಚಲಿಸುತ್ತಿರಬೇಕು, ಅರ್ಧ ದಿನ ಅದು ಏನೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ಅದನ್ನು ತುರ್ತು ಸ್ಥಿತಿಯೆಂದೇ ತಿಳಿದು ವೈದ್ಯರ ಬಳಿಗೆ ಒಯ್ಯಬೇಕು. ಹಗಲೆಲ್ಲ ಯಾರೂ ಇಲ್ಲದ ಮನೆಯಲ್ಲಿ ಇದು ಗಮನಕ್ಕೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಸಂತಾನಹರಣ ಮಾಡಿಸದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ, ಎಂದರೆ ನಿಮ್ಮ ಮಗಳು ಕಾಲೇಜು ಮುಗಿಸುವವರೆಗೂ ಅದರ ಆರೈಕೆ ನಿಮ್ಮದೇ. ನೀವಿಬ್ಬರೂ ಮೊಲವನ್ನು ನಿಮಗಾಗಿಯೇ ಬಯಸಿ, ಓಡಾಡಲು ಒಂದು ಕೋಣೆಯನ್ನು ಬಿಟ್ಟುಕೊಟ್ಟು, ನೆಲದ ಮೇಲೆ ಕುಳಿತು ಅದು ತಾನಾಗಿ ಹತ್ತಿರ ಬರುವವರೆಗೆ ಕಾಯುವ ತಾಳ್ಮೆಯುಳ್ಳವರಾದರೆ ಮಾತು ಬೇರೆ.

ಗಿನಿಪಿಗ್ ಹಗಲಿನಲ್ಲೂ ಆಗಾಗ ಎಚ್ಚರಗೊಂಡು ಓಡಾಡುತ್ತದೆ, ಎತ್ತರಕ್ಕೆ ಹತ್ತುವುದಾಗಲಿ ನೆಗೆಯುವುದಾಗಲಿ ಅಪರೂಪ, ಕಚ್ಚುವುದೂ ವಿರಳ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮಗುವಿಗೆ ಉತ್ತರ ಕೊಡುತ್ತದೆ: ಸೊಪ್ಪಿನ ಚೀಲದ ಸರಸರ ಸದ್ದು ಕೇಳಿದೊಡನೆ ಮುಂಗಾಲುಗಳನ್ನು ಕಂಬಿಯ ಮೇಲಿಟ್ಟು ಜೋರಾಗಿ ಸಿಳ್ಳೆಯಂತೆ ಕೂಗುತ್ತದೆ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಖುಷಿ ಬೇಕಿಲ್ಲ. ಎತ್ತುವಾಗ ಒಂದು ಅಂಗೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು. ಮಗಳು ನೆಲದ ಮೇಲೆ ಕುಳಿತಿರಲಿ, ನೀವು ಎತ್ತಿ ಅವಳ ಮಡಿಲಲ್ಲಿಡಿ. ಜಾರಿ ಬಿದ್ದರೂ ಪೆಟ್ಟಾಗದಷ್ಟು ಎತ್ತರ ಅದೊಂದೇ.

ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಸ್ವಿಟ್ಜರ್ಲೆಂಡ್‌ನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣಾ ನಿಯಮಗಳು ಗಿನಿಪಿಗ್ ಅನ್ನು ಒಂಟಿಯಾಗಿ ಸಾಕಬಾರದೆಂದೇ ಹೇಳುತ್ತವೆ. ನೀವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವು ಒಂದಕ್ಕೊಂದು ಜೊತೆಯಾಗಿರುವುದರಿಂದ, ಎರಡನ್ನು ಸಾಕುವುದು ನಿಮ್ಮಂಥ ಮನೆಗೆ ಒಂದನ್ನು ಸಾಕುವುದಕ್ಕಿಂತ ಸುಲಭ. ಆದರೆ ತರುವ ಮುನ್ನ ಎರಡೂ ಹೆಣ್ಣೇ ಎಂಬುದನ್ನು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ, ಮಾರುವವರು ಲಿಂಗವನ್ನು ತಪ್ಪಾಗಿ ಹೇಳುವುದು ಸಾಮಾನ್ಯ. ಏಳೆಂಟು ತಿಂಗಳು ಕಳೆದ ಮೇಲೆ ಮೊದಲ ಬಾರಿ ಗರ್ಭ ಧರಿಸುವ ಹೆಣ್ಣಿನ ಸೊಂಟದ ಮೂಳೆಗಳ ಕೂಡುಜಾಗ ಆಗಲೇ ಗಟ್ಟಿಯಾಗಿರುವುದರಿಂದ ಹೆರಿಗೆ ಪ್ರಾಣಾಪಾಯಕ್ಕೆ ತಿರುಗಬಹುದು.

ಆಹಾರದಲ್ಲಿ ಒಂದು ವಿಷಯ ಮರೆಯುವಂತಿಲ್ಲ. ಮನುಷ್ಯರಂತೆ ಗಿನಿಪಿಗ್ ಕೂಡ ತನ್ನ ದೇಹದಲ್ಲಿ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿಗದಿದ್ದರೆ ಕೆಲವೇ ವಾರಗಳಲ್ಲಿ ಸ್ಕರ್ವಿ ಕಾಣಿಸಿಕೊಳ್ಳುತ್ತದೆ: ಕೀಲುಗಳು ನೋಯುತ್ತವೆ, ಅದು ನಡೆಯಲು ಹಿಂಜರಿಯುತ್ತದೆ, ತುಪ್ಪಳ ಕಳೆಗುಂದುತ್ತದೆ. ದಿನವೂ ದೊಣ್ಣೆಮೆಣಸಿನಕಾಯಿಯ ತುಂಡು ಮತ್ತು ತಾಜಾ ಸೊಪ್ಪು ಕೊಡಿ. ನೀರಿಗೆ ವಿಟಮಿನ್ ಹನಿ ಹಾಕುವುದನ್ನು ನಾನು ಒಪ್ಪುವುದಿಲ್ಲ; ಅದು ನೀರಿನಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಬದಲಾದರೆ ಪ್ರಾಣಿ ನೀರನ್ನೇ ಬಿಡಬಹುದು. ಹಲ್ಲುಗಳು ಜೀವನಪೂರ್ತಿ ಬೆಳೆಯುವುದರಿಂದ ಅವು ಸವೆಯಲು ಒಣಹುಲ್ಲು ಹಗಲು ರಾತ್ರಿ ಎದುರಿಗಿರಬೇಕು. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಅನ್ನು ಎಂದಿಗೂ ಕೊಡಬೇಡಿ. ಪೆನಿಸಿಲಿನ್ ವರ್ಗದ ಔಷಧಗಳು ಹೊಟ್ಟೆಗೆ ಹೋದರೆ ಅದರ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ನಾಶಮಾಡಿ ಸಾವಿಗೆ ಕಾರಣವಾಗಬಲ್ಲವು.

ನೀವು ಕೇಳಿಲ್ಲವಾದರೂ ಸಾಕು ಇಲಿಯ ಪರವಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅದರಷ್ಟು ಅನ್ಯಾಯಕ್ಕೊಳಗಾದ ಸಾಕುಪ್ರಾಣಿ ಇನ್ನೊಂದಿಲ್ಲ. ಅದು ತನ್ನವರನ್ನು ಗುರುತಿಸುತ್ತದೆ, ಹೆಗಲೇರಿ ಕೂರುತ್ತದೆ. ಇಲಿಗಳು ಮನುಷ್ಯರೊಡನೆ ಕಣ್ಣಾಮುಚ್ಚಾಲೆ ಆಡಲು ಕಲಿಯುತ್ತವೆಂದು ಬರ್ಲಿನ್‌ನ ವಿಜ್ಞಾನಿಗಳು 2019ರಲ್ಲಿ ತೋರಿಸಿಕೊಟ್ಟರು. ಎರಡು ಮೂರು ವರ್ಷಗಳ ಆಯುಸ್ಸು ಮತ್ತು ಪದೇ ಪದೇ ಕಾಡುವ ಶ್ವಾಸಕೋಶದ ಸೋಂಕು ಅದರ ಮಿತಿಗಳು.

ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕುತ್ತದೆ. ಹುಲ್ಲು ತುಂಬುವುದು, ನೀರು ಬದಲಿಸುವುದು ಮಗಳ ಕೆಲಸವಾಗಬಹುದು. ಪಂಜರದ ಶುಚಿ ಮತ್ತು ಕಾಯಿಲೆ ಪತ್ತೆ ದೊಡ್ಡವರದೇ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಂಥದರಲ್ಲಿ ಇಬ್ಬರೂ ಸೇರಿ ತೂಕ ನೋಡಿ ಬರೆದಿಡಿ, ಏಕೆಂದರೆ ಈ ಪ್ರಾಣಿಗಳು ನೋವನ್ನು ಅಡಗಿಸುತ್ತವೆ ಮತ್ತು ಕಾಯಿಲೆಯ ಮೊದಲ ಸುಳಿವು ಹೆಚ್ಚಾಗಿ ತೂಕದಲ್ಲೇ ಸಿಗುತ್ತದೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಅಥವಾ ಅಲರ್ಜಿ ಇದ್ದರೆ, ಗಿನಿಪಿಗ್ ಸಾಕಿರುವವರ ಮನೆಯಲ್ಲಿ ಒಣಹುಲ್ಲು ಮತ್ತು ಪ್ರಾಣಿಗಳಿರುವ ಕೋಣೆಯಲ್ಲಿ ಕೆಲವು ಗಂಟೆ ಕಳೆದು ನೋಡಿದ ನಂತರವೇ ತರುವ ದಿನವನ್ನು ಗೊತ್ತುಮಾಡಿ.