ಸಕ್ಕರೆ ಅರ್ಧ ಇರಲಿ, ಮಿಕ್ಕಿದ್ದಕ್ಕೆ ಖರ್ಜೂರ

ಹೊರದೇಶಕ್ಕೆ ಬಂದ ಮೇಲೆ ಇದು ನಿಮ್ಮ ಮೊದಲ ವರ್ಷಾಂತ್ಯದ ರಜೆ. ಆಫೀಸಿನಲ್ಲಿ ಎಲ್ಲರೂ ಮನೆಯಲ್ಲೇ ಕೇಕ್, ಕುಕೀಸ್ ಮಾಡಿ ತರುತ್ತಾರಂತೆ. ನಿಮಗೂ ಮಾಡುವ ಆಸೆ, ಆದರೆ ಅಷ್ಟೊಂದು ಸಕ್ಕರೆ ಸುರಿಯೋಕೆ ಮನಸ್ಸಿಲ್ಲ. ಒಣಹಣ್ಣು ಹಾಕಿದರೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಸಕ್ಕರೆಯನ್ನು ಪೂರ್ತಿ ತೆಗೆಯೋಕೆ ಮಾತ್ರ ಹೋಗಬೇಡಿ.

ಸಕ್ಕರೆ ಬರೀ ಸಿಹಿಗಲ್ಲ. ಬೆಣ್ಣೆ ಜೊತೆ ನೊರೆ ಬರುವಂತೆ ಕಲಸಿದಾಗ ಗಾಳಿ ಹಿಡಿದಿಟ್ಟುಕೊಳ್ಳುವುದು ಅದೇ, ಕುಕೀಸ್ ಗರಿಗರಿ ಆಗುವುದೂ ಅದರಿಂದಲೇ. ಅದಕ್ಕೇ ಒಣಹಣ್ಣಿನ ಪೇಸ್ಟ್ ಹಾಕಿದ ಕುಕೀಸ್ ಮೆತ್ತಗಾಗುತ್ತವೆ. ಕೇಕ್, ಮಫಿನ್, ಬ್ರೌನಿ ಆದರೆ ಚೆನ್ನಾಗಿ ಬರುತ್ತವೆ. ಅಲ್ಲಿಂದ ಶುರು ಮಾಡಿ.

ಖರ್ಜೂರದ ಬೀಜ ತೆಗೆದು, ಮುಳುಗುವಷ್ಟು ಬಿಸಿನೀರಿನಲ್ಲಿ 15 ನಿಮಿಷ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಅರ್ಧ ಸಕ್ಕರೆ ಬದಲು ಇದನ್ನು ಹಾಕಿ, ಹಾಲೋ ನೀರೋ ಸ್ವಲ್ಪ ಕಡಿಮೆ ಮಾಡಿ. ಈ ಹಿಟ್ಟು ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ, ಓವನ್ 10-15 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಟ್ಟರೆ ಒಳ್ಳೆಯದು. ರೆಸಿಪಿಯಲ್ಲಿ 350 ಡಿಗ್ರಿ ಅಂತ ಇದ್ದರೆ ಅದು ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಸುಮಾರು 175. ಹೊಸಬರಿಗೆ ಇದು ಸುಮ್ನೆ ತಲೆನೋವು.

ಚಾಕೊಲೇಟ್ ಕೇಕಿಗೆ ನನ್ನ ಆಯ್ಕೆ ಪ್ರೂನ್ಸ್, ಅಂದರೆ ಒಣಗಿಸಿದ ಪ್ಲಮ್ ಹಣ್ಣು. ಅದರಲ್ಲಿ ಪೆಕ್ಟಿನ್ ಅನ್ನೋ ನಾರು, ಸಾರ್ಬಿಟಾಲ್ ಅನ್ನೋ ಸಿಹಿ ಅಂಶ ಎರಡೂ ಇವೆ, ತೇವ ಹಿಡಿದಿಡುತ್ತವೆ. ಹೀಗೇ ರುಬ್ಬಿ ಹಾಕಿದರೆ ಬೆಣ್ಣೆಯನ್ನೂ ಅರ್ಧ ಮಾಡಬಹುದು. ಚಾಕೊಲೇಟಿನ ಘಾಟಿನಲ್ಲಿ ಪ್ರೂನ್ಸ್ ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ.

ರುಬ್ಬದೆ ಹಾಕುವ ಒಣಹಣ್ಣನ್ನು ಮೊದಲೇ ನೆನೆಸಿ. ಇಲ್ಲದಿದ್ದರೆ ಹಿಟ್ಟಿನ ನೀರನ್ನೆಲ್ಲ ಅದೇ ಹೀರಿಕೊಂಡು ಕೇಕ್ ಒಣಕಲಾಗುತ್ತದೆ. ಹಣ್ಣು ತಳ ಸೇರದಿರಲಿ ಅಂತ ಮೈದಾ ಸವರಲು ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಸಣ್ಣಗೆ ಹೆಚ್ಚುವುದು, ಹಿಟ್ಟು ಗಟ್ಟಿಯಾಗಿರುವುದು ಮುಖ್ಯ. ಮೇಲೆ ಮಾತ್ರ ಉದುರಿಸಬೇಡಿ, ಸೀದು ಕಹಿಯಾಗುತ್ತದೆ.

ಕೊಳ್ಳುವಾಗ ಪೊಟ್ಟಣದ ಹಿಂಭಾಗ ಓದಿ. ಒಣ ಕ್ರ್ಯಾನ್‌ಬೆರಿ ತುಂಬಾ ಹುಳಿ, ಅದಕ್ಕೆ ಸಾಮಾನ್ಯವಾಗಿ ಸಕ್ಕರೆ ಸೇರಿಸಿಯೇ ಮಾರುತ್ತಾರೆ. ಸಕ್ಕರೆ ಕಡಿಮೆ ಮಾಡೋಕೆ ಹೊರಟು ಅದನ್ನೇ ತಂದರೆ ಏನು ಲಾಭ, ಅಲ್ವಾ? ಹೊಳೆಯುವ ಕಿತ್ತಳೆ ಬಣ್ಣದ ಏಪ್ರಿಕಾಟ್‌ಗೆ ಬಣ್ಣ ಕೆಡದಿರಲಿ ಅಂತ ಸಲ್ಫರ್ ಡೈಆಕ್ಸೈಡ್ ಹಾಕಿರುತ್ತಾರೆ. ಕೆಲವು ಅಸ್ತಮಾದವರಿಗೆ ಅದು ಆಗಿಬರಲ್ಲ. ಹಾಕದೇ ಇರುವುದು ಕಂದುಬಣ್ಣ, ನೋಡೋಕೆ ಸಪ್ಪೆ, ರುಚಿಗೇನೂ ಕೊರತೆ ಇಲ್ಲ.

ಇನ್ನೊಂದು ಮಾತು. ಒಣಹಣ್ಣಲ್ಲೂ ಸಿಹಿ ಜಾಸ್ತಿಯೇ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 60 ಗ್ರಾಂ ಸಕ್ಕರೆ ಅಂಶ, 300 ಕ್ಯಾಲೊರಿ. ಜೊತೆಗೆ ನಾರು, ಪೊಟ್ಯಾಸಿಯಂ ಸಿಗುತ್ತವೆ ಅನ್ನೋದೇ ಲಾಭ. ಹಾಗಾಗಿ ಆಫೀಸಿಗೆ ಒಯ್ದಾಗ "ಶುಗರ್ ಫ್ರೀ" ಅಂತ ಮಾತ್ರ ಹೇಳಬೇಡಿ, ಸಕ್ಕರೆ ಕಾಯಿಲೆ ಇರುವವರು ನಂಬಿ ಎರಡು ತುಂಡು ತಿಂದಾರು.

ಇಂಥ ಕೇಕಿನಲ್ಲಿ ತೇವ ಹೆಚ್ಚು, ಹೊರಗಿಟ್ಟರೆ ಬೇಗ ಬೂಸ್ಟು ಬರುತ್ತದೆ. ರಜೆ ಪೂರ್ತಿ ತಿನ್ನುವ ಯೋಚನೆ ಇದ್ದರೆ ಹೋಳು ಮಾಡಿ ಫ್ರೀಜರಿಗೆ ಹಾಕಿಡಿ.